ಶನಿವಾರ, ಭಾನುವಾರಕ್ಕೆ ಒಂದೇ ಊರು: ಕಾರಿಲ್ಲದೆ ಎಲ್ಲಿಗೆ ಹೋಗಬಹುದು?

ಮಲ್ಲಿಗೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ರಾಜಾಜಿನಗರದಲ್ಲಿ ವಾಸವಾಗಿರುವ ನಾಲ್ವರು: ನಾನು, ನನ್ನ ಯಜಮಾನರು, 6ನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಹಾಗೂ 68 ವರ್ಷದ ನನ್ನ ಅತ್ತೆಯವರು. ನಮ್ಮಲ್ಲಿ ಕಾರಿಲ್ಲ, ಕೊಳ್ಳುವ ಉದ್ದೇಶವೂ ಸದ್ಯಕ್ಕಿಲ್ಲ. ತಿಂಗಳಿಗೊಮ್ಮೆಯಾದರೂ ಶನಿವಾರ ಹೊರಟು ಭಾನುವಾರ ರಾತ್ರಿ ಮನೆ ಸೇರುವಂತೆ ಕರ್ನಾಟಕದೊಳಗಿನ ಯಾವುದಾದರೂ ಊರಿಗೆ ಹೋಗಿಬರಬೇಕೆಂದು ಈ ವರ್ಷ ನಿಶ್ಚಯಿಸಿಕೊಂಡೆವು.

ಮೊದಲ ಪ್ರಯತ್ನವಾಗಿ ಮೇ ತಿಂಗಳಲ್ಲಿ ಬಾಡಿಗೆ ವಾಹನ ಮಾಡಿಕೊಂಡು ಚಿಕ್ಕಮಗಳೂರಿನ ಕಡೆಗೆ ಹೋದೆವು. ಚಾಲಕರು ಮೊದಲೇ ಸಿದ್ಧಪಡಿಸಿದ್ದ ಪಟ್ಟಿಯಲ್ಲಿ ಎರಡು ದಿನಕ್ಕೆ ಒಂಬತ್ತು ಸ್ಥಳಗಳಿದ್ದವು. ಬೆಟ್ಟದ ದಾರಿಯ ವಾಹನಗಳ ಸಾಲಿನಲ್ಲೇ ಮೊದಲ ದಿನದ ಬಹುಪಾಲು ಕಳೆಯಿತು. ಮಂಡಿನೋವಿರುವ ಅತ್ತೆಯವರು ಐದು ಕಡೆಗಳಲ್ಲಿ ವಾಹನದಿಂದ ಇಳಿಯಲೇ ಇಲ್ಲ. ಮನೆಗೆ ಬಂದ ಮೇಲೆ ಏನೇನು ನೆನಪಿದೆ ಎಂದು ಮಗಳನ್ನು ಕೇಳಿದಾಗ, ದಾರಿಯ ಊರೊಂದರ ಬಸ್ ನಿಲ್ದಾಣದ ಎದುರು ಹಲಸಿನ ಹಣ್ಣು ಬಿಡಿಸುತ್ತಾ ಕುಳಿತಿದ್ದ ಅಜ್ಜಿಯೊಬ್ಬರನ್ನು, ಅವರು ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದ ರೀತಿಯನ್ನು ಅವಳು ವಿವರವಾಗಿ ಹೇಳಿದಳು. ಆ ಊರಿನಲ್ಲಿ ನಾವು ನಿಂತದ್ದು ಹತ್ತು ನಿಮಿಷ, ಅದೂ ಟೈರಿಗೆ ಗಾಳಿ ಹಾಕಿಸುವುದಕ್ಕೆ.

ಆದ್ದರಿಂದ ನನ್ನ ಪ್ರಶ್ನೆ ಇಷ್ಟು. ರೆಸಾರ್ಟ್ ಮತ್ತು ವ್ಯೂ ಪಾಯಿಂಟ್‌ಗಳನ್ನು ಬಿಟ್ಟು, ಬಸ್ಸಿನಲ್ಲೋ ರೈಲಿನಲ್ಲೋ ತಲುಪಿ, ಒಂದು ರಾತ್ರಿ ಉಳಿದು, ನಡೆದಾಡಿ ನೋಡಬಹುದಾದ ಊರುಗಳು ಅಥವಾ ನಗರಗಳೊಳಗಿನ ಹಳೆಯ ಬಡಾವಣೆಗಳು ಯಾವುವು? ಹೆಚ್ಚು ಮೆಟ್ಟಿಲುಗಳಿರಬಾರದು, ಮಗಳಿಗೆ ತಿಳಿದುಕೊಳ್ಳಲು ಏನಾದರೂ ಇರಬೇಕು. ಸ್ವತಃ ಹೋಗಿಬಂದವರು ಅಥವಾ ಅಲ್ಲಿಯೇ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಅಗ್ರಹಾರದವನು

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ನಿಮ್ಮ ಮಗಳೇ ಕೊಟ್ಟಿದ್ದಾಳೆ. ಎರಡು ದಿನಕ್ಕೆ ಒಂದೇ ಊರು ಸಾಕು, ಮತ್ತು ಆ ಊರಿನ ಹಳೆಯ ಬೀದಿಗಳಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿಯೇ ರಾತ್ರಿ ತಂಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಊರೊಂದು ತನ್ನ ಪಾಡಿಗೆ ತಾನಿರುವುದು ಬೆಳಗಿನ ಆರರಿಂದ ಒಂಬತ್ತರವರೆಗೆ ಮತ್ತು ಸಂಜೆ ಐದರ ನಂತರ. ಒಂದೇ ದಿನದಲ್ಲಿ ಹೋಗಿಬರುವವರು ಹನ್ನೊಂದಕ್ಕೆ ತಲುಪಿ ನಾಲ್ಕಕ್ಕೆ ಹೊರಡುವುದರಿಂದ, ಅವರ ಪಾಲಿಗೆ ಉಳಿಯುವುದು ನಡುಮಧ್ಯಾಹ್ನದ ಬಿಸಿಲು ಮತ್ತು ಊಟದ ಹೋಟೆಲಿನ ಸರದಿ ಮಾತ್ರ.

ಮೂವತ್ತು ವರ್ಷಗಳಿಂದ ಮೈಸೂರಿನ ಅಗ್ರಹಾರದಲ್ಲಿರುವ ನಾನು ಮೊದಲು ನನ್ನ ಊರನ್ನೇ ಸೂಚಿಸುತ್ತೇನೆ. ‘ಮೈಸೂರು ನೋಡಿಯಾಗಿದೆ’ ಎನ್ನುವ ಬೆಂಗಳೂರಿನವರು ಸಾಮಾನ್ಯವಾಗಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಬೃಂದಾವನ ಈ ನಾಲ್ಕನ್ನೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಈ ಸಲ ಇವನ್ನು ಬದಿಗಿಟ್ಟು ಬನ್ನಿ. ಶನಿವಾರ ಬೆಳಗಿನ ರೈಲಿಗೆ ಹೊರಟು, ಮೈಸೂರಿಗಿಂತ ಮೊದಲೇ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ಅಲ್ಲಿ ನಿಲ್ಲುವ ರೈಲನ್ನು ನೋಡಿಕೊಂಡು ಟಿಕೆಟ್ ಪಡೆಯಬೇಕು. ನಿಲ್ದಾಣವು ಕಾವೇರಿಯ ದ್ವೀಪದ ಮೇಲೆ, ಕೋಟೆಯ ಒಳಗೇ ಇರುವುದರಿಂದ ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹೆಚ್ಚು ನಡೆಯಬೇಕಾಗಿಲ್ಲ, ನೆಲವೂ ಸಮತಟ್ಟಾಗಿದೆ. ಮಗಳಿಗೆ ತೋರಿಸಬೇಕಾದದ್ದು ಆ ಹಳಿಯ ಬದಿಯಲ್ಲೇ ಇದೆ: ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಜೋಡಿ ಹಳಿಯ ಕಾಮಗಾರಿಗೆ ಅಡ್ಡ ಬಂದಾಗ, ಅದನ್ನು ಕೆಡವದೆ 2017ರಲ್ಲಿ ಇಡೀ ಕಟ್ಟಡವನ್ನೇ ಅಡಿಪಾಯದಿಂದ ಎತ್ತಿ ಬೇರೆಡೆಗೆ ಸರಿಸಿದರು. ಅಲ್ಲಿಂದ ಆಟೋದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಾದ 1784ರ ದರಿಯಾ ದೌಲತ್‌ಗೆ ಹೋಗಿ, ಪಶ್ಚಿಮದ ಗೋಡೆಯ ಮೇಲಿರುವ ಪೊಲ್ಲಿಲೂರು ಯುದ್ಧದ ಚಿತ್ರದ ಮುಂದೆ ಅವಸರವಿಲ್ಲದೆ ನಿಲ್ಲಿ. 1780ರ ಆ ಯುದ್ಧದಲ್ಲಿ ಸೋತ ಇಂಗ್ಲಿಷ್ ಪಡೆಯ ಅಧಿಕಾರಿ ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನು ಹುಡುಕಲು ಮಗಳಿಗೆ ಹೇಳಿ.

ಮಧ್ಯಾಹ್ನದ ಹೊತ್ತಿಗೆ ಮೈಸೂರು ತಲುಪಿ, ಅಗ್ರಹಾರ ಅಥವಾ ದೇವರಾಜ ಮಾರುಕಟ್ಟೆಯ ಸುತ್ತಲಿನ ಯಾವುದಾದರೂ ವಸತಿಗೃಹದಲ್ಲಿ ಕೋಣೆ ಮಾಡಿಕೊಂಡು ವಿಶ್ರಾಂತಿ ಪಡೆಯಿರಿ. ಸಂಜೆ ನೂರೊಂದು ಗಣಪತಿ ದೇವಸ್ಥಾನದಿಂದ ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂಗಳ ಕಡೆಗೆ ನಡೆದರೆ, ಇಕ್ಕಟ್ಟಾದ ಹಳೆಯ ಕೇರಿಗಳು ಮುಗಿದು ಅಗಲವಾದ, ಮರಗಳಿರುವ, ಅಳತೆ ಮಾಡಿ ಹಾಕಿದ ರಸ್ತೆಗಳು ಆರಂಭವಾಗುವ ಗೆರೆಯನ್ನು ಕಣ್ಣಾರೆ ಕಾಣಬಹುದು. ಪ್ಲೇಗಿನ ಹಾವಳಿಯ ನಂತರ, ಮನೆಗಳಿಗೆ ಗಾಳಿ ಬೆಳಕು ಬರಬೇಕೆಂಬ ಉದ್ದೇಶದಿಂದ ಊರನ್ನು ಹೊರಕ್ಕೆ ಬೆಳೆಸಲಾಯಿತು. ಅದಕ್ಕಾಗಿಯೇ 1903ರಲ್ಲಿ ಇಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಒಂದು ರೋಗ ಒಂದು ಊರಿನ ರಸ್ತೆಗಳ ಅಗಲವನ್ನು ಹೇಗೆ ಬದಲಾಯಿಸಿತು ಎಂಬುದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಈ ನಡಿಗೆ ತಿಳಿಸುತ್ತದೆ.

ಭಾನುವಾರ ಮುಂಜಾನೆ ದೇವರಾಜ ಮಾರುಕಟ್ಟೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಇವು ಮೂರೂ ಭೌಗೋಳಿಕ ಗುರುತು ಪಡೆದ ಬೆಳೆಗಳು. ಅಂಗಡಿಯವರೊಂದಿಗೆ ಮಾತನಾಡಿದರೆ ಯಾವುದು ನಿಜವಾಗಿ ಮೈಸೂರಿನದು, ಯಾವುದು ಹೊರಗಿನಿಂದ ಬಂದದ್ದು ಎಂದು ಅವರೇ ಬಿಡಿಸಿ ಹೇಳುತ್ತಾರೆ. ಸಂಜೆ ಅರಮನೆಯನ್ನು ಹೊರಗಿನಿಂದ ನೋಡಿದರೆ ಸಾಕು. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ದೀಪಾಲಂಕಾರ ಇರುತ್ತದೆ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಲಾರಂಭಿಸಿ 1912ರಲ್ಲಿ ಮುಗಿಸಿದ ಕಟ್ಟಡವಿದು. ದೀಪ ನೋಡಿಕೊಂಡು, ಸಮೀಪದಲ್ಲೇ ಇರುವ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದರೆ ಮಧ್ಯರಾತ್ರಿಯೊಳಗೆ ಮನೆ ಸೇರುತ್ತೀರಿ.

ಚಿಗರಿ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಬೆಂಗಳೂರಿನವರ ವಾರಾಂತ್ಯವೆಲ್ಲ ಮೈಸೂರು ಮತ್ತು ಮಲೆನಾಡಿನ ನಡುವೆಯೇ ಮುಗಿದುಹೋಗುತ್ತದೆ ಎಂಬ ಕೊರಗು ಉತ್ತರ ಕರ್ನಾಟಕದವಳಾದ ನನಗೆ ಬಹಳ ದಿನಗಳಿಂದ ಇದೆ. ಧಾರವಾಡವನ್ನು ಎರಡು ದಿನದ ಊರೆಂದು ಯಾರೂ ಯೋಚಿಸುವುದೇ ಇಲ್ಲ. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಮಲಗಿದರೆ ಬೆಳಿಗ್ಗೆ ಧಾರವಾಡದಲ್ಲಿ ಇಳಿಯಬಹುದು. ದೂರ ಹೆಚ್ಚೆಂದು ಹಿಂಜರಿಯಬೇಕಾಗಿಲ್ಲ. ಹಗಲು ಐದು ಗಂಟೆ ಕುಳಿತು ಹೋಗುವುದಕ್ಕಿಂತ ರಾತ್ರಿ ಮಲಗಿ ಹೋಗುವುದು ಮಂಡಿನೋವಿರುವವರಿಗೆ ಮೇಲು.

ಧಾರವಾಡದಲ್ಲಿ ‘ನೋಡುವ ಸ್ಥಳ’ ಎಂದು ಬೆರಳು ಮಾಡಿ ತೋರಿಸುವಂಥದ್ದು ಕಡಿಮೆ ಇರುವುದನ್ನೇ ನಾನು ಆ ಊರಿನ ದೊಡ್ಡ ಗುಣವೆಂದು ಭಾವಿಸುತ್ತೇನೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ ಕುಳಿತ ಊರದು. ಜುಲೈ ತಿಂಗಳಲ್ಲಿ ಅಲ್ಲಿ ಮಳೆ ದಿನವಿಡೀ ಜಿಟಿಜಿಟಿಯಾಗಿ ಹಿಡಿದುಕೊಂಡಿರುತ್ತದೆ. ಸಾಧನಕೇರಿಯ ದಂಡೆಯಲ್ಲಿ ಬೇಂದ್ರೆಯವರ ಮನೆಯಿದೆ. ಮಲ್ಲಿಕಾರ್ಜುನ ಮನ್ಸೂರರು ಬಾಳಿದ ‘ಮೃತ್ಯುಂಜಯ’ ಎಂಬ ಮನೆ ಈಗ ಸ್ಮಾರಕವಾಗಿದೆ. ಕನ್ನಡದ ಕೆಲಸಕ್ಕೆಂದೇ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆಯ ಹೊತ್ತಿಗೆ ಆಗಾಗ ಉಪನ್ಯಾಸವೋ ಸಂಗೀತವೋ ನಡೆಯುತ್ತಿರುತ್ತದೆ, ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ಕವಿಯ ಮನೆಯನ್ನೂ ಗಾಯಕರ ಮನೆಯನ್ನೂ ಒಂದೇ ದಿನ ನೋಡಿದ ನನ್ನ ತಂಗಿಯ ಮಗ, ‘ಇಷ್ಟು ಚಿಕ್ಕ ಮನೆಯಲ್ಲಿ ಇಷ್ಟು ದೊಡ್ಡವರು ಇದ್ದರೇ?’ ಎಂದು ಕೇಳಿದ್ದನ್ನು ನಾನು ಮರೆತಿಲ್ಲ. ಪೇಢೆಯನ್ನು ಲೈನ್ ಬಜಾರಿನಲ್ಲಿ ಕೊಳ್ಳಿರಿ. ಹುಬ್ಬಳ್ಳಿಗೆ ಹೋಗಬೇಕೆನಿಸಿದರೆ ಎರಡೂ ಊರುಗಳ ನಡುವೆ ತಮ್ಮದೇ ದಾರಿಯಲ್ಲಿ ಓಡಾಡುವ ಚಿಗರಿ ಬಸ್ಸುಗಳಿವೆ. ದಾರಿಯಲ್ಲಿ ಉಣಕಲ್ಲಿನಲ್ಲಿ ಇಳಿದರೆ ಚಂದ್ರಮೌಳೇಶ್ವರ ದೇವಾಲಯವನ್ನು ನೋಡಬಹುದು, ಹತ್ತಬೇಕಾದ ಮೆಟ್ಟಿಲುಗಳೂ ಹೆಚ್ಚಿಲ್ಲ.

ಇನ್ನೊಂದು ಸಲಕ್ಕೆ ಗದಗ. ಹುಬ್ಬಳ್ಳಿಯಿಂದ ರೈಲಿನಲ್ಲಿ ಸುಮಾರು 60 ಕಿ.ಮೀ. ಕುಮಾರವ್ಯಾಸನ ಹೆಸರಿನೊಂದಿಗೆ ಬೆಸೆದುಕೊಂಡಿರುವ ವೀರನಾರಾಯಣ ದೇವಾಲಯ ಊರೊಳಗೇ ಇದೆ, ತ್ರಿಕೂಟೇಶ್ವರವೂ ಊರೊಳಗೇ ಇದೆ. ಲಕ್ಕುಂಡಿಗೆ 12 ಕಿ.ಮೀ., ಬಸ್ಸುಗಳು ಸಾಕಷ್ಟಿವೆ. ದಾನಚಿಂತಾಮಣಿ ಎನಿಸಿಕೊಂಡ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಲಕ್ಕುಂಡಿಯಲ್ಲಿದೆ ಎಂಬುದೊಂದೇ ಅಲ್ಲಿಗೆ ಹೆಣ್ಣುಮಗಳೊಬ್ಬಳನ್ನು ಕರೆದೊಯ್ಯಲು ಸಾಕಾದ ಕಾರಣ. ಕಾಶಿವಿಶ್ವೇಶ್ವರದ ಬಾಗಿಲುವಾಡಗಳ ಕೆತ್ತನೆಯನ್ನು ಕುಳಿತು ನೋಡಬೇಕು, ನಿಂತು ನೋಡಿ ಮುಗಿಯುವಂಥದ್ದಲ್ಲ.

ಪ್ರಯಾಣದ ಬಗ್ಗೆ ಎರಡು ಮಾತು. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಶುಕ್ರವಾರ ರಾತ್ರಿಯ ಟಿಕೆಟ್‌ಗಳು ಬೇಗ ಮುಗಿಯುವುದರಿಂದ ದಿನಾಂಕವನ್ನು ಎರಡು ತಿಂಗಳು ಮುಂಚೆಯೇ ನಿರ್ಧರಿಸಿಕೊಳ್ಳಿ. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತುಹೋಗಿದೆಯಾದರೂ, ವಯಸ್ಸನ್ನು ಸರಿಯಾಗಿ ನಮೂದಿಸಿದರೆ 45 ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತ್ ಸಿಗುವ ಸಂಭವ ಹೆಚ್ಚು. ಎರಡನೆಯದಾಗಿ, 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ನಿಮ್ಮ ಮನೆಯ ಮೂವರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಲಿ. ಆದರೆ ಶನಿವಾರ ಬೆಳಗಿನ ಬಸ್ಸುಗಳಲ್ಲಿ ಜನಸಂದಣಿ ಬಹಳ. ಅತ್ತೆಯವರು ಜೊತೆಯಲ್ಲಿದ್ದಾಗ ಹಣ ಕೊಟ್ಟಾದರೂ ಆಸನ ಕಾಯ್ದಿರಿಸಿಕೊಳ್ಳುವುದು ಲೇಸು.

ಪೇಟೆಬೀದಿ

ಪ್ರತಿ ತಿಂಗಳೂ ಹೊರಗೆ ಹೋಗಲು ಆಗುವುದಿಲ್ಲ. ಪರೀಕ್ಷೆಗಳಿರುತ್ತವೆ, ಖರ್ಚೂ ಇರುತ್ತದೆ. ಅಂಥ ತಿಂಗಳಿಗೆ ನಿಮ್ಮ ಊರಿನ ಪೇಟೆಯೇ ಇದೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ಅಥವಾ ಕೃಷ್ಣರಾಜ ಮಾರುಕಟ್ಟೆ ನಿಲ್ದಾಣಕ್ಕೆ ನೇರವಾಗಿ ಬರಬಹುದು. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯ ವಿನ್ಯಾಸ ಇಂದಿಗೂ ಬೀದಿಗಳ ಹೆಸರಿನಲ್ಲಿ ಉಳಿದಿದೆ: ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಈಗ ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಮಾಡುವವರ, ರಿಪೇರಿ ಮಾಡುವವರ ಅಂಗಡಿಗಳಿವೆ. ಮಗಳು ಅಲ್ಲಿ ಅರ್ಧ ದಿನ ಕಳೆಯಬಲ್ಲಳು. ಸಗಟು ಅಂಗಡಿಗಳು ಬಹುಪಾಲು ಭಾನುವಾರ ಮುಚ್ಚಿರುವುದರಿಂದ ಶನಿವಾರವೇ ಬನ್ನಿ, ಮತ್ತು ಹೂವಿನ ಮಾರುಕಟ್ಟೆಗೆ ಬೆಳಗಾಗುವುದಕ್ಕೆ ಮೊದಲೇ ಬನ್ನಿ.

ಬಸವನಗುಡಿ ಮತ್ತು ಮಲ್ಲೇಶ್ವರ ಎರಡೂ 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಡಾವಣೆಗಳು. ಮೈಸೂರಿನವರು ಹೇಳಿದ ರಸ್ತೆಗಳ ಅಗಲದ ಪಾಠವನ್ನು ಮೊದಲು ಇಲ್ಲಿಯೇ ಒಮ್ಮೆ ನೋಡಿಕೊಂಡು ಅಲ್ಲಿಗೆ ಹೋದರೆ ಮಗಳಿಗೆ ಹೋಲಿಸಲು ಅನುಕೂಲವಾಗುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಹಿಂದಿನ ಶನಿವಾರ, ಭಾನುವಾರವೇ ಬಸವನಗುಡಿಯಲ್ಲಿ ಅಂಗಡಿಗಳು ನೆರೆಯಲಾರಂಭಿಸುತ್ತವೆ.

ಮಲ್ಲಿಗೆದಂಡೆ

ಇಷ್ಟು ಆಸ್ಥೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳಿದೆ. ‘ಕುಳಿತು ನೋಡಬೇಕು’ ಎಂಬ ಮಾತು ಅವರಿಗೆ ಬಹಳ ಹಿಡಿಸಿತು. ಇನ್ನೆರಡು ಸಂದೇಹಗಳಿವೆ. ಮಗಳ ಪಾಠದಲ್ಲಿ ಚಾಲುಕ್ಯರು ಬಂದಿರುವುದರಿಂದ ಬಾದಾಮಿಗೆ ಹೋಗೋಣವೆಂದು ಹಟ ಹಿಡಿದಿದ್ದಾಳೆ. ಅಲ್ಲಿ ಅತ್ತೆಯವರಿಗೆ ಸಾಧ್ಯವಾದೀತೇ? ಮತ್ತು ಮಲೆನಾಡಿನ ಕಡೆ, ಬೆಟ್ಟ ಜಲಪಾತಗಳ ಗದ್ದಲವಿಲ್ಲದ ಊರು ಯಾವುದಾದರೂ ಇದೆಯೇ?

ಶರಾವತಿ ದಡ

ಬಾದಾಮಿಗೆ ಖಂಡಿತ ಹೋಗಿ, ಆದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಆ ಕೆಂಪು ಬಂಡೆಗಳು ಕಾದ ಹಂಚಿನಂತಿರುತ್ತವೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ, ನಾಲ್ಕು ಗುಹೆಗಳಲ್ಲಿ ಅತ್ಯಂತ ಭವ್ಯವಾದದ್ದೂ ಅದೇ. ಅಲ್ಲಿಗೆ ಮೆಟ್ಟಿಲು ಹತ್ತದೆ ಬೇರೆ ದಾರಿಯಿಲ್ಲ. ನಾನು ನನ್ನ ತಾಯಿಯವರನ್ನು ಕರೆದೊಯ್ದಾಗ ಮಾಡಿದ್ದು ಹೀಗೆ: ಬೆಳಿಗ್ಗೆ ಮಕ್ಕಳು ಗುಹೆಗಳನ್ನು ಹತ್ತಿದರು, ಸಂಜೆ ಎಲ್ಲರೂ ಒಟ್ಟಾಗಿ ಅಗಸ್ತ್ಯತೀರ್ಥದ ದಂಡೆಯಲ್ಲಿ ಭೂತನಾಥ ದೇವಾಲಯದವರೆಗೆ ನಿಧಾನವಾಗಿ ನಡೆದೆವು. ಗುಹೆಗಳು, ಕೋಟೆ, ಕೆರೆ ಎಲ್ಲವೂ ಕೆಳಗಿನಿಂದಲೇ ಕಾಣುತ್ತವೆ, ಹೆಂಗಸರು ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಮರಳಿ ಬರುತ್ತದೆ. ಅಮ್ಮನಿಗೆ ಏನೂ ತಪ್ಪಿಹೋಯಿತೆಂದು ಅನ್ನಿಸಲಿಲ್ಲ. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ, ಆಟೋಗಳು ಸಿಗುತ್ತವೆ. ಕೆರೆಯ ಬಳಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಪಟ್ಟದಕಲ್ಲು, ಐಹೊಳೆ ಎರಡನ್ನೂ ಅದೇ ಭಾನುವಾರಕ್ಕೆ ತುರುಕಬೇಡಿ. ಹೋಗಲೇಬೇಕೆಂದಿದ್ದರೆ ಸಮತಟ್ಟಾದ ಅಂಗಳದಲ್ಲಿ ಬಹುಪಾಲು ಗುಡಿಗಳು ಒಟ್ಟಿಗೆ ಇರುವ ಪಟ್ಟದಕಲ್ಲು ಒಂದನ್ನೇ ಆರಿಸಿಕೊಳ್ಳಿ.

ಮಲೆನಾಡಿಗೆ ನನ್ನ ಉತ್ತರ ಸಾಗರ. ಬಂದವರೆಲ್ಲ ಅದನ್ನು ಜೋಗಕ್ಕೆ ಹೋಗುವ ದಾರಿಯೆಂದೇ ತಿಳಿದು ದಾಟಿಹೋಗುತ್ತಾರೆ. ಮೈಸೂರಿನಿಂದ ಬೆಂಗಳೂರಿನ ಮೂಲಕ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೆಳಗಿನ ಜಾವ ಸಾಗರಕ್ಕೆ ತಲುಪುತ್ತದೆ. ಊರಿನ ಗುಡಿಗಾರರು ತಲೆತಲಾಂತರದಿಂದ ಶ್ರೀಗಂಧದ ಕೆತ್ತನೆ ಮಾಡುತ್ತಾ ಬಂದವರು. ಕೆಲಸಕ್ಕೆ ಅಡ್ಡಿಯಾಗದಂತೆ ಕೇಳಿಕೊಂಡರೆ, ಬೆರಳುದ್ದದ ಉಳಿಯಿಂದ ಎಲೆಯ ನರಗಳನ್ನು ಬಿಡಿಸುವುದನ್ನು ಮಗಳು ಹತ್ತಿರದಿಂದ ನೋಡಬಹುದು. ಕೆಳದಿ ಒಂದು ದಿಕ್ಕಿಗೆ, ಇಕ್ಕೇರಿ ಇನ್ನೊಂದು ದಿಕ್ಕಿಗೆ, ಎರಡೂ ಹತ್ತು ಕಿಲೋಮೀಟರಿನೊಳಗೆ. ಕೆಳದಿಯ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಬದಲಾಯಿಸಿದರು. ಶಿವಾಜಿಯ ಮಗ ರಾಜಾರಾಮನಿಗೆ ಮೊಗಲರ ಭಯವನ್ನು ಲೆಕ್ಕಿಸದೆ ಆಶ್ರಯ ಕೊಟ್ಟ ಚೆನ್ನಮ್ಮ ಈ ಮನೆತನದ ರಾಣಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಎದುರಿನ ಹುಲ್ಲಿನ ಅಂಗಳದಲ್ಲಿ ಕುಳಿತು ಕಳೆದ ಸಂಜೆಗಳನ್ನು ನಾನು ಯಾವ ಜಲಪಾತಕ್ಕೂ ಬಿಟ್ಟುಕೊಡಲಾರೆ.

ಭಾನುವಾರಕ್ಕೆ ಹೆಗ್ಗೋಡು. 1949ರಲ್ಲಿ ಆರಂಭವಾದ ನೀನಾಸಂ ಹಳ್ಳಿಯೊಂದರಲ್ಲಿ ರಂಗಮಂದಿರ ಕಟ್ಟಿ, ನಾಟಕ ಕಲಿಸುವ ಶಾಲೆ ನಡೆಸಿಕೊಂಡು ಬಂದಿರುವ ಸಂಸ್ಥೆ. ಹೋಗುವ ಮೊದಲು ಪ್ರದರ್ಶನವಿದೆಯೇ ಎಂದು ವಿಚಾರಿಸಿಕೊಳ್ಳಿ. ಅದೇ ಊರಿನ ಬಳಿ ಚರಕ ಸಂಸ್ಥೆಯ ಮಹಿಳೆಯರು ನೈಸರ್ಗಿಕ ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ನೇಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಲವಾಗಿರುತ್ತದೆ, ಹುಲ್ಲಿನಲ್ಲಿ ಉಂಬಳಗಳಿರುತ್ತವೆ. ಹಿರಿಯರೊಂದಿಗೆ ಬರುವವರಿಗೆ ಅಕ್ಟೋಬರ್ ನಂತರದ ದಿನಗಳು ಸೂಕ್ತ.

ಮಲ್ಲಿಗೆದಂಡೆ

ಮನೆಯಲ್ಲಿ ಎಲ್ಲರೂ ಕುಳಿತು ಮಾತನಾಡಿ, ಮುಂದಿನ ಎರಡನೆಯ ಶನಿವಾರ ಶ್ರೀರಂಗಪಟ್ಟಣ ಮತ್ತು ಮೈಸೂರು, ಡಿಸೆಂಬರಿನಲ್ಲಿ ಬಾದಾಮಿ ಎಂದು ನಿರ್ಧರಿಸಿದ್ದೇವೆ. ಸಾಗರದ ಟಿಕೆಟನ್ನು ಅಕ್ಟೋಬರ್ ಕೊನೆಗೆಂದು ಲೆಕ್ಕ ಹಾಕಿಟ್ಟುಕೊಂಡಿದ್ದೇನೆ. ಅಗ್ರಹಾರದವರಲ್ಲಿ ಒಂದು ಮಾತು ಕೇಳಬೇಕು: ಮಾರುಕಟ್ಟೆಯಲ್ಲಿ ಅತ್ತೆಯವರಿಗೆ ತುಂಬ ನಡೆಯಬೇಕಾಗುತ್ತದೆಯೇ?

ಅಗ್ರಹಾರದವನು

ಇಲ್ಲ. ಆಟೋದವರಿಗೆ ಚಿಕ್ಕ ಗಡಿಯಾರದ ಬಳಿ ನಿಲ್ಲಿಸಲು ಹೇಳಿ, ಅಲ್ಲಿಂದ ಒಳಗೆ ಬನ್ನಿ. ಏಳು ಗಂಟೆಯೊಳಗೆ ಬಂದರೆ ಓಣಿಗಳಲ್ಲಿ ಜನ ಕಡಿಮೆ ಇರುತ್ತಾರೆ, ಹೂವು ಕಟ್ಟುವವರು ಕೆಲಸ ಆರಂಭಿಸಿರುತ್ತಾರೆ. ಅತ್ತೆಯವರಿಗೆ ಆಯಾಸವಾದರೆ ಯಾವುದೇ ಹೂವಿನ ಅಂಗಡಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರಬಹುದೇ ಎಂದು ಕೇಳಿ. ನನ್ನ ತಾಯಿಯವರು ಕೊನೆಯ ವರ್ಷಗಳಲ್ಲಿ ಹಾಗೆಯೇ ಕೂರುತ್ತಿದ್ದರು, ಒಬ್ಬರೂ ಬೇಡವೆನ್ನಲಿಲ್ಲ.